ಕುಕ್ಕುವುದು ಬೇರೆ, ಕಾಡುವುದು ಬೇರೆ: ಹಿತ್ತಿಲಿನ ಕೋಳಿ, ಬಾತುಗಳ ಜಗಳವನ್ನು ಅರಿಯುವ ಬಗೆ

ಬೆಳಿಗ್ಗೆ ಗೂಡಿನ ಬಾಗಿಲು ತೆಗೆದ ಕೂಡಲೇ ಕೋಳಿಗಳೆಲ್ಲ ನುಗ್ಗಿಕೊಂಡು ಹೊರಗೆ ಬರುತ್ತವೆ. ಒಂದು ಹ್ಯಾಟೆ ಮಾತ್ರ ಮೊಟ್ಟೆ ಇಡುವ ಪೆಟ್ಟಿಗೆಯ ಮೂಲೆಯಲ್ಲಿ ಕತ್ತು ಕುಗ್ಗಿಸಿಕೊಂಡು ಕೂತೇ ಇರುತ್ತದೆ. ಕಾಳು ಚೆಲ್ಲಿದರೂ ಓಡಿ ಬರುವುದಿಲ್ಲ. ಉಳಿದವು ತಿಂದು ಚೆದುರಿದ ಮೇಲೆ ಸದ್ದಿಲ್ಲದೆ ಬಂದು ನಾಲ್ಕು ಕಾಳು ಹೆಕ್ಕುತ್ತದೆ. ಇನ್ನೊಂದು ಕೋಳಿ ಇತ್ತ ತಿರುಗಿದರೆ ಸಾಕು, ಓಟ ಕೀಳುತ್ತದೆ. ಹತ್ತಿರ ಹೋಗಿ ನೋಡಿದರೆ ತಲೆಯ ಹಿಂಭಾಗದಲ್ಲಿ ಪುಕ್ಕವೇ ಇಲ್ಲ. ಹಿತ್ತಿಲಲ್ಲಿ ಕೋಳಿ, ಬಾತು ಸಾಕಿದವರಲ್ಲಿ ಇಂಥದ್ದನ್ನು ನೋಡದವರು ಕಡಿಮೆ. ನೋಡಿದಾಗ ಕರುಳು ಚುರ್ರೆನ್ನುತ್ತದೆ, ಕಾಡುವ ಕೋಳಿಯ ಮೇಲೆ ಸಿಟ್ಟು ಬರುತ್ತದೆ, ಏಟು ತಿಂದದ್ದನ್ನು ಎತ್ತಿ ಬೇರೆ ಕಡೆ ಬೆಚ್ಚಗೆ ಇಡೋಣ ಅನಿಸುತ್ತದೆ. ಮನಸ್ಸು ಒಳ್ಳೆಯದೇ, ಆದರೆ ಹಾಗೆ ಎತ್ತಿ ಇಟ್ಟದ್ದೇ ಎಷ್ಟೋ ಸಲ ಅದರ ಪಾಲಿಗೆ ಹೊಸ ತೊಂದರೆಯಾಗುತ್ತದೆ. ಯಾಕೆಂದು ಮುಂದೆ ಹೇಳುತ್ತೇನೆ.

ಮೊದಲು ತಿಳಿಯಬೇಕಾದದ್ದು ಇದು. ನಾವು ‘ಕಾಟ’ ಎಂಬ ಒಂದೇ ಹೆಸರಿನಿಂದ ಕರೆಯುವುದರಲ್ಲಿ ಕನಿಷ್ಠ ಮೂರು ಬೇರೆ ಬೇರೆ ಸಂಗತಿಗಳಿವೆ. ಯಾರು ಮೇಲೆ, ಯಾರು ಕೆಳಗೆ ಎಂಬ ಸ್ಥಾನದ ಜಗಳ ಒಂದು. ಪುಕ್ಕ ಕೀಳುವ ಚಾಳಿ ಇನ್ನೊಂದು. ಅದು ನಿಜಕ್ಕೂ ಜಗಳವೇ ಅಲ್ಲ, ದಾರಿ ತಪ್ಪಿದ ಮೇವಿನ ಹುಡುಕಾಟ. ಮೂರನೆಯದು ಗಂಡು ಹೆಣ್ಣು ಕೂಡುವ ಕಾಲದ ಒತ್ತಡ. ಬಾತುಗಳಿರುವ ಹಿತ್ತಿಲಲ್ಲಿ ಅತಿ ಅಪಾಯದ್ದು ಇದೇ. ಮೂರಕ್ಕೂ ಕಾರಣ ಬೇರೆ, ಪರಿಹಾರವೂ ಬೇರೆ. ಒಂದರ ಮದ್ದನ್ನು ಇನ್ನೊಂದಕ್ಕೆ ಹಾಕಿದರೆ ಗುಣವಾಗುವುದಿರಲಿ, ಕೆಲವೊಮ್ಮೆ ಹೆಚ್ಚೇ ಆಗುತ್ತದೆ.

ಸ್ಥಾನದ ಜಗಳ

ಕೋಳಿಗಳಲ್ಲಿ ಯಾರು ಯಾರನ್ನು ಕುಕ್ಕಬಹುದು ಎಂಬುದಕ್ಕೆ ಒಂದು ಕ್ರಮವಿದೆ ಎಂಬುದನ್ನು ಮೊದಲು ವ್ಯವಸ್ಥಿತವಾಗಿ ಬರೆದಿಟ್ಟವರು ನಾರ್ವೆಯ ಥಾರ್ಲೀಫ್ ಶೆಲ್ಡೆರುಪ್-ಎಬ್ಬೆ. 1894ರಲ್ಲಿ ಹುಟ್ಟಿದ ಅವರು ಹುಡುಗನಾಗಿದ್ದಾಗಲೇ ಕೋಳಿಗಳನ್ನು ಒಂದೊಂದಾಗಿ ಗುರುತಿಸಿ, ಯಾವುದು ಯಾವುದಕ್ಕೆ ಹೆದರುತ್ತದೆ ಎಂದು ಟಿಪ್ಪಣಿ ಮಾಡಿಕೊಳ್ಳುತ್ತಿದ್ದರು. ಮುಂದೆ 1922ರಲ್ಲಿ ಅದನ್ನು ಜರ್ಮನ್ ಭಾಷೆಯಲ್ಲಿ ಪ್ರಕಟಿಸಿದರು. ಅವರು ಕಂಡ ಒಂದು ವಿಷಯ ನನಗೆ ಬಹಳ ಇಷ್ಟ. ಕ್ರಮ ಯಾವಾಗಲೂ ಏಣಿಯ ಹಾಗೆ ನೇರವಾಗಿರುವುದಿಲ್ಲ. ಕಪ್ಪು ಹ್ಯಾಟೆ ಕೆಂಪಿಯನ್ನು ಕುಕ್ಕುತ್ತದೆ, ಕೆಂಪಿ ಬಿಳಿಯದನ್ನು ಕುಕ್ಕುತ್ತದೆ, ಆ ಬಿಳಿಯದು ತಿರುಗಿ ಕಪ್ಪನ್ನೇ ಕುಕ್ಕುತ್ತದೆ. ಇಂಥ ಸುತ್ತುಗಳೂ ಇರುತ್ತವೆ. ಅಂದರೆ ‘ಮೇಲಿನದು’ ಎನ್ನುವುದು ಕೋಳಿಯ ಸ್ವಭಾವವಲ್ಲ, ಎರಡು ಕೋಳಿಗಳ ನಡುವಿನ ಒಪ್ಪಂದ.

ಒಪ್ಪಂದ ಎಂಬ ಮಾತನ್ನು ಬೇಕೆಂದೇ ಬಳಸಿದೆ. ಈ ವ್ಯವಸ್ಥೆ ಇರುವುದು ಜಗಳ ಮಾಡಲಿಕ್ಕಲ್ಲ, ಜಗಳ ತಪ್ಪಿಸಲಿಕ್ಕೆ. ಒಮ್ಮೆ ತೀರ್ಮಾನವಾದ ಮೇಲೆ ಕಾಳಿನ ತಟ್ಟೆಯ ಹತ್ತಿರ ಮೇಲಿನ ಹ್ಯಾಟೆ ಕತ್ತೆತ್ತಿ ದಿಟ್ಟಿಸಿದರೆ ಸಾಕು, ಕೆಳಗಿನದು ಪಕ್ಕಕ್ಕೆ ಸರಿಯುತ್ತದೆ. ಕೊಕ್ಕು ತಾಗುವುದೇ ಇಲ್ಲ. ಮರಿಗಳು ಎರಡು ಮೂರು ವಾರದಲ್ಲೇ ಎದೆಗೆ ಎದೆ ಕೊಟ್ಟು ನೆಗೆದು ಆಟದ ಜಗಳ ಶುರು ಮಾಡುತ್ತವೆ. ಎರಡು ಎರಡೂವರೆ ತಿಂಗಳ ಹೊತ್ತಿಗೆ ಅವುಗಳ ನಡುವೆ ಬಹುಮಟ್ಟಿಗೆ ಒಂದು ಕ್ರಮ ನಿಂತಿರುತ್ತದೆ. ವಯಸ್ಸು, ಮೈಕಟ್ಟು, ಜುಟ್ಟಿನ ಗಾತ್ರ, ಆ ಜಾಗಕ್ಕೆ ಮೊದಲು ಬಂದದ್ದು ಯಾರು ಎಂಬುದು, ಇವೆಲ್ಲ ಸ್ಥಾನವನ್ನು ತೀರ್ಮಾನಿಸುತ್ತವೆ. ಕೋಳಿಗಳು ಒಂದನ್ನೊಂದು ಗುರುತಿಸುವುದು ಮುಖ್ಯವಾಗಿ ತಲೆ ಮತ್ತು ಜುಟ್ಟು ನೋಡಿ. ಹಾಗಾಗಿ ಜುಟ್ಟಿಗೆ ಗಾಯವಾಗಿ ಆಕಾರ ಬದಲಾದ ಕೋಳಿಯನ್ನು ಹಳೆಯ ಜೊತೆಗಾತಿಯರೇ ಹೊಸಬಳಂತೆ ಎದುರಿಸುವುದುಂಟು.

ಹಿಂಡು ಚಿಕ್ಕದಾಗಿರುವಾಗ ಈ ಲೆಕ್ಕ ನಡೆಯುತ್ತದೆ. ನೂರಾರು ಕೋಳಿಗಳಿರುವ ಕಡೆ ಎಲ್ಲರ ಮುಖ ನೆನಪಿಡುವುದು ಆಗದ ಮಾತು. ಅಲ್ಲಿ ಅವು ಸ್ಥಾನದ ಗೊಡವೆಯನ್ನೇ ಬಿಟ್ಟು ಒಂದನ್ನೊಂದು ಸಹಿಸಿಕೊಳ್ಳುವುದು ಕಂಡುಬಂದಿದೆ. ಹಿತ್ತಿಲಿನ ಐದಾರು ಕೋಳಿಗಳ ನಡುವೆ ಸ್ಥಾನದ ಮಾತು ಇಷ್ಟು ಎದ್ದು ಕಾಣಲು ಇದೂ ಒಂದು ಕಾರಣ.

ಹಾಗಾದರೆ ಯಾವುದು ಸಹಜ, ಯಾವುದು ಕಾಟ? ನಾನು ನೋಡುವುದು ಒಂದೇ ಒಂದನ್ನು: ಸೋತದ್ದು ಸೋಲೊಪ್ಪಿದ ಮೇಲೆ ಗೆದ್ದದ್ದು ಸುಮ್ಮನಾಗುತ್ತದೆಯೇ? ಒಂದು ಕುಕ್ಕು, ಒಂದು ಕಿರುಚಾಟ, ಕೆಳಗಿನದು ಎರಡು ಹೆಜ್ಜೆ ಹಿಂದೆ, ಮತ್ತೆ ಎರಡೂ ತಂತಮ್ಮ ಕೆಲಸಕ್ಕೆ. ಇದು ಸಹಜ, ಇದರಲ್ಲಿ ನಾವು ಕೈ ಹಾಕಬಾರದು. ಸೋತದ್ದು ತಲೆ ತಗ್ಗಿಸಿ ಓಡಿದರೂ ಬೆನ್ನಟ್ಟಿ ಹೋಗಿ ಮೂಲೆಗೆ ಒತ್ತಿ ಕುಕ್ಕುವುದು, ನೀರಿನ ಬಳಿ ಕಾದು ನಿಂತು ತಡೆಯುವುದು, ಒಂದು ಕುಕ್ಕಲು ಶುರು ಮಾಡಿದರೆ ಉಳಿದವೂ ಸೇರಿಕೊಳ್ಳುವುದು, ರಕ್ತ ಬರುವುದು, ಇವು ಕಾಟ. ಹೊಸ ಕೋಳಿ ಬಂದ ಮೊದಲ ಕೆಲವು ದಿನ ಸಹಜ ಜಗಳವೂ ಜೋರಾಗಿಯೇ ಇರುತ್ತದೆ. ದಿನದಿಂದ ದಿನಕ್ಕೆ ತಗ್ಗುತ್ತಿದೆಯೇ, ಏರುತ್ತಿದೆಯೇ ಎಂಬುದನ್ನು ನೋಡಬೇಕು.

ಪುಕ್ಕ ಕೀಳುವ ಚಾಳಿ

ಇದನ್ನು ಬಹಳ ಜನ ಸ್ಥಾನದ ಜಗಳ ಎಂದೇ ತಿಳಿಯುತ್ತಾರೆ. ಆದರೆ ಸುಮ್ಮನೆ ಕೂತು ನೋಡಿದರೆ ವ್ಯತ್ಯಾಸ ಗೊತ್ತಾಗುತ್ತದೆ. ಜಗಳದಲ್ಲಿ ಕುತ್ತಿಗೆಯ ಪುಕ್ಕ ನಿಮಿರುತ್ತದೆ, ಸದ್ದಿರುತ್ತದೆ, ಕುಕ್ಕು ತಲೆಗೆ ಬೀಳುತ್ತದೆ. ಪುಕ್ಕ ಕೀಳುವ ಕೋಳಿಗೆ ಸಿಟ್ಟೇ ಇರುವುದಿಲ್ಲ. ಹಿಂದಿನಿಂದ ಮೆಲ್ಲಗೆ ಬಂದು ಬಾಲದ ಬುಡದಲ್ಲಿ ಒಂದು ಪುಕ್ಕ ಹಿಡಿದು ಎಳೆಯುತ್ತದೆ, ಎಷ್ಟೋ ಸಲ ಅದನ್ನು ನುಂಗಿಯೂ ಬಿಡುತ್ತದೆ. ಅದು ನೆಲದಲ್ಲಿ ಹುಳ ಹೆಕ್ಕುವಾಗಿನ ಏಕಾಗ್ರತೆಯೇ. ಮೂಲವೂ ಅದೇ. ಸಾಕುಕೋಳಿಯ ಪೂರ್ವಜವಾದ ಕೆಂಪು ಕಾಡುಕೋಳಿ ಹಗಲಿನ ಬಹುಪಾಲನ್ನು ನೆಲ ಕೆದಕುತ್ತ, ಕುಕ್ಕುತ್ತ ಕಳೆಯುತ್ತದೆ. ನಮ್ಮ ಕೋಳಿಗೆ ಹದಿನೈದು ನಿಮಿಷದಲ್ಲಿ ಹೊಟ್ಟೆ ತುಂಬುವಷ್ಟು ಉಂಡೆ ಮೇವು ಹಾಕಿ, ಕೆದಕಲು ಏನೂ ಇಲ್ಲದ ಬರಿ ನೆಲದಲ್ಲಿ ಬಿಟ್ಟರೆ ಆ ಕೊಕ್ಕು ಉಳಿದ ಹತ್ತು ಗಂಟೆ ಏನು ಮಾಡಬೇಕು? ಎದುರಿಗೆ ಕಾಣುವುದು ಪಕ್ಕದವಳ ಬಾಲ.

ಮೇವಿನ ಕೊರತೆಯೂ ಇದಕ್ಕೆ ಕಾರಣ. ಪುಕ್ಕ ಆಗಿರುವುದು ಹೆಚ್ಚುಕಡಿಮೆ ಪೂರ್ತಿ ಪ್ರೋಟೀನಿನಿಂದ. ಅದಕ್ಕೆ ಗಂಧಕವಿರುವ ಮೆಥಿಯೋನಿನ್‌ನಂಥ ಅಮೈನೋ ಆಮ್ಲಗಳು ಬೇಕು. ಮೊಟ್ಟೆ ಇಡುವ ಕೋಳಿಯ ಮೇವಿನಲ್ಲಿ ಸಾಮಾನ್ಯವಾಗಿ ಶೇ. 16ರಷ್ಟು ಪ್ರೋಟೀನ್ ಇರುತ್ತದೆ. ಪ್ರೀತಿಯಿಂದ ನಾವು ದಿನವಿಡೀ ಬಿಡಿ ಕಾಳು, ಅನ್ನ, ರೊಟ್ಟಿ ಚೂರು ಹಾಕುತ್ತ ಹೋದರೆ ಕೋಳಿ ಹೊಟ್ಟೆ ತುಂಬಿಸಿಕೊಳ್ಳುತ್ತದೆ, ಪ್ರೋಟೀನಿನ ಪಾಲು ಮಾತ್ರ ಇಳಿಯುತ್ತದೆ. ಹಳೆಯ ಪುಕ್ಕ ಉದುರಿಸಿ ಹೊಸದು ತರಿಸಿಕೊಳ್ಳುವ ತಿಂಗಳುಗಳಲ್ಲಿ ಈ ಕೊರತೆ ಇನ್ನೂ ಹೆಚ್ಚು ಕಾಡುತ್ತದೆ. ಆಗ ಶೇ. 18ರಿಂದ 20ರಷ್ಟು ಪ್ರೋಟೀನ್ ಇರುವ ಮೇವು ಕೊಡುವುದು ಒಳ್ಳೆಯದು. ಇನ್ನೊಂದು ಸುಲಭದ ಬದಲಾವಣೆಯಿದೆ: ಉಂಡೆ ಮೇವಿನ ಬದಲು ಹಿಟ್ಟಿನಂಥ ಮೇವು. ಅದನ್ನು ತಿನ್ನಲು ಹೊತ್ತು ಹಿಡಿಯುತ್ತದೆ, ಕೊಕ್ಕಿಗೆ ಕೆಲಸ ಸಿಗುತ್ತದೆ. ಒಣಹುಲ್ಲು, ತರಗೆಲೆಯನ್ನು ದಪ್ಪಗೆ ಹರಡಿ ಅದರೊಳಗೆ ಒಂದು ಹಿಡಿ ಕಾಳು ಎರಚಿದರೆ ಅವು ಅರ್ಧ ದಿನ ಕೆದಕುತ್ತವೆ. ಕತ್ತಿನ ಎತ್ತರಕ್ಕೆ ಇಡೀ ಎಲೆಕೋಸು ಕಟ್ಟಿ ತೂಗುಬಿಟ್ಟರೂ ಆಗುತ್ತದೆ. ಇವು ಬರಿಯ ಆಟದ ಸಾಮಾನುಗಳಲ್ಲ, ಈ ಚಾಳಿಗೆ ಇರುವ ನಿಜವಾದ ಔಷಧ.

ಅತಿ ಬೆಳಕು, ಅತಿ ಸೆಕೆ, ಇಕ್ಕಟ್ಟು ಸೇರಿದರೆ ಚಾಳಿ ಬೇಗ ಹರಡುತ್ತದೆ. ಹೇನು, ನುಸಿಗಳನ್ನೂ ಮರೆಯಬಾರದು. ಕೆಂಪು ನುಸಿ ಹಗಲಲ್ಲಿ ಗೂಡಿನ ಮರದ ಸೀಳುಗಳಲ್ಲಿ ಅಡಗಿದ್ದು ರಾತ್ರಿ ಬಂದು ರಕ್ತ ಹೀರುತ್ತದೆ. ಟಾರ್ಚ್ ಹಿಡಿದು ಕತ್ತಲಾದ ಮೇಲೆ ಕೋಳಿ ಕೂರುವ ಗಳುವಿನ ತಳಭಾಗವನ್ನು ನೋಡದಿದ್ದರೆ ಅದು ಇರುವುದೇ ಗೊತ್ತಾಗುವುದಿಲ್ಲ. ಪುಕ್ಕ ಕಿತ್ತ ಜಾಗದಲ್ಲಿ ರಕ್ತ ಕಂಡರೆ ಮಾತ್ರ ಒಂದು ಗಳಿಗೆಯೂ ತಡ ಮಾಡಬೇಡಿ. ಕೆಂಪು ಬಣ್ಣ ಕೋಳಿಗಳನ್ನು ಸೆಳೆಯುತ್ತದೆ, ಒಂದು ಕುಕ್ಕಿದ್ದನ್ನು ನೋಡಿ ಇನ್ನೊಂದು ಕಲಿಯುತ್ತದೆ. ಬೆಳಿಗ್ಗೆ ಚಿಕ್ಕ ಗಾಯವಾಗಿದ್ದದ್ದು ಸಂಜೆಯ ಹೊತ್ತಿಗೆ ಜೀವ ತೆಗೆಯುವ ಮಟ್ಟಕ್ಕೆ ಹೋಗಬಲ್ಲದು.

ಪುಕ್ಕ ಎಲ್ಲಿ ಹೋಗಿದೆ ಎಂಬುದೇ ಅರ್ಧ ಉತ್ತರ ಹೇಳುತ್ತದೆ. ತಲೆಯ ಹಿಂಭಾಗ, ಕುತ್ತಿಗೆಯ ಮೇಲ್ಭಾಗ ಬೋಳಾಗಿದ್ದರೆ ಮೇಲಿನವರ ಕುಕ್ಕು, ಅಥವಾ ಹತ್ತುವಾಗ ಹುಂಜ ಕಚ್ಚಿ ಹಿಡಿದ ಗುರುತು. ಬೆನ್ನಿನ ಎರಡು ಪಕ್ಕ, ಭುಜದ ಹತ್ತಿರ ಪುಕ್ಕ ಮುರಿದು ಸವೆದಿದ್ದರೆ ಅದು ಹುಂಜದ ಕಾಲುಗುರಿನ ಕೆಲಸ. ಬಾಲದ ಬುಡ ಬೋಳಾಗಿದ್ದರೆ ಪುಕ್ಕ ಕೀಳುವ ಚಾಳಿ ಶುರುವಾಗಿದೆ. ಗುದದ ಸುತ್ತ ಮಾತ್ರ ಬೋಳಾಗಿ ಚರ್ಮ ಕೆಂಪಾಗಿದ್ದರೆ ಹೇನು ಇರಬಹುದು, ಕುಕ್ಕೂ ಇರಬಹುದು. ಪುಕ್ಕ ಬಿಡಿಸಿ ಬುಡ ನೋಡಬೇಕು. ಎದೆ, ಹೊಟ್ಟೆಯ ಪುಕ್ಕ ಹೋಗಿದ್ದು ಕೋಳಿ ಕಾವು ಕೂತಿದ್ದರೆ ಅದನ್ನು ಯಾರೂ ಕಿತ್ತಿಲ್ಲ, ಮೊಟ್ಟೆಗೆ ಮೈ ಬಿಸಿ ತಾಗಲೆಂದು ತಾನೇ ಕಿತ್ತುಕೊಂಡದ್ದು. ಇನ್ನು ಮೈ ತುಂಬ ಪುಕ್ಕ ಉದುರಿ ಜಾಗ ಜಾಗದಲ್ಲಿ ಮುಳ್ಳಿನಂತೆ ಹೊಸ ಪುಕ್ಕ ಮೊಳೆಯುತ್ತಿದ್ದರೆ ಅದು ವರ್ಷಕ್ಕೊಮ್ಮೆ ಬರುವ ಪುಕ್ಕ ಬದಲಾವಣೆ. ಆ ಮೊಳಕೆ ಪುಕ್ಕಗಳೊಳಗೆ ರಕ್ತವಿರುತ್ತದೆ, ಮುಟ್ಟಿದರೆ ನೋಯುತ್ತದೆ. ಆ ದಿನಗಳಲ್ಲಿ ಕೋಳಿಯನ್ನು ಸುಮ್ಮಸುಮ್ಮನೆ ಎತ್ತಿಕೊಳ್ಳದಿರುವುದೇ ದಯೆ.

ಬಾತುಗಳ ಮಾತು ಬೇರೆ

ಕೋಳಿಯನ್ನು ಅರಿತವರು ಬಾತುಗಳನ್ನು ನೋಡಿ ತಪ್ಪು ತಿಳಿಯುವುದು ಸುಲಭ. ಬಾತಿನ ಕೊಕ್ಕು ಚಪ್ಪಟೆ; ಅದು ಕುಕ್ಕುವುದಿಲ್ಲ, ಕಚ್ಚಿ ಹಿಡಿದು ಎಳೆಯುತ್ತದೆ. ತಲೆಯನ್ನು ಮೇಲೆ ಕೆಳಗೆ ಆಡಿಸುವುದು ಅವುಗಳ ನಡುವೆ ಸಲುಗೆಯ, ಉತ್ಸಾಹದ, ಕೂಡುವ ಆಸೆಯ ಮಾತು. ಕುತ್ತಿಗೆಯನ್ನು ನೆಲಕ್ಕೆ ಸಮನಾಗಿ ಚಾಚಿ ಬಾಯಿ ತೆರೆದು ಓಡಿ ಬಂದರೆ ಅದು ‘ಇಲ್ಲಿಂದ ನಡೆ’ ಎಂಬ ಬೆದರಿಕೆ. ಹೆಣ್ಣು ಬಾತು ತನ್ನ ಗಂಡಿನ ಪಕ್ಕ ನಿಂತು ಭುಜದ ಮೇಲಿನಿಂದ ಹಿಂದಕ್ಕೆ ತಲೆ ಎಸೆಯುತ್ತ ಒಂದೇ ಸಮನೆ ಗೊಣಗುವುದನ್ನು ನೋಡಿರಬಹುದು. ಎದುರಿನ ಬಾತಿನ ಮೇಲೆ ತನ್ನ ಜೊತೆಗಾರನನ್ನು ಛೂ ಬಿಡುವ ರೀತಿ ಅದು. ಬಾತುಗಳಲ್ಲೂ ಮೇಲು ಕೆಳಗುಗಳಿವೆ, ಆದರೆ ಕೋಳಿಗಳಷ್ಟು ಬಿಗಿಯಾಗಿಲ್ಲ. ಅವು ಗುಂಪಾಗಿ ನಡೆಯುವ ಜೀವಿಗಳು. ಕೊನೆಯ ಸ್ಥಾನದ ಬಾತೂ ಸಾಲಿನಲ್ಲೇ ಇರುತ್ತದೆ. ಗುಂಪಿನಿಂದ ದೂರ ಒಂಟಿಯಾಗಿ ನಿಂತ ಬಾತು ಕಂಡರೆ ಅದಕ್ಕೆ ಕಾಟವೋ ಕಾಯಿಲೆಯೋ ಇದೆ ಎಂದೇ ಹಿಡಿಯಬೇಕು.

ಕೋಳಿ ಹೆಣ್ಣುಗಳು, ಬಾತು ಹೆಣ್ಣುಗಳು ಒಂದೇ ಹಿತ್ತಿಲಲ್ಲಿದ್ದರೆ ಸಾಮಾನ್ಯವಾಗಿ ಪರಸ್ಪರ ಗಮನಕ್ಕೇ ತಂದುಕೊಳ್ಳದೆ ಬದುಕುತ್ತವೆ. ಜಗಳ ಬಂದರೆ ಕಾಳಿನ ತಟ್ಟೆಯಲ್ಲಿ, ನೀರಿನ ಬಳಿ. ಬಾತು ಮೂಗಿನ ಹೊಳ್ಳೆ ಮುಳುಗುವಷ್ಟು ಆಳದ ನೀರು ಬಯಸುತ್ತದೆ. ಹೊಳ್ಳೆ, ಕಣ್ಣು ತೊಳೆದುಕೊಳ್ಳಲು ಅದು ಬೇಕೇಬೇಕು. ಹಾಗೆ ತೊಳೆದುಕೊಳ್ಳುವ ಭರದಲ್ಲಿ ಕೋಳಿಗಳ ಕುಡಿಯುವ ನೀರನ್ನೂ ಕೆಸರು ಮಾಡುತ್ತದೆ. ಕೋಳಿಗಳ ನೀರನ್ನು ಒಂದು ಕಲ್ಲಿನ ಕಟ್ಟೆಯ ಮೇಲೆ ಎತ್ತರದಲ್ಲಿಟ್ಟು, ಬಾತುಗಳ ತೊಟ್ಟಿಯನ್ನು ಆಚೆ ತುದಿಯಲ್ಲಿಟ್ಟರೆ ಅರ್ಧ ಜಗಳ ಅಲ್ಲಿಗೇ ನಿಲ್ಲುತ್ತದೆ. ರಾತ್ರಿಯೂ ಹಾಗೆಯೇ. ಕೋಳಿ ಕತ್ತಲಾದರೆ ಗಳು ಏರಿ ಕಲ್ಲಿನಂತೆ ಮಲಗುತ್ತದೆ. ಬಾತು ನೆಲದಲ್ಲೇ ಇರುತ್ತದೆ, ನಡುರಾತ್ರಿಯಲ್ಲೂ ಎದ್ದು ಓಡಾಡುತ್ತದೆ. ಒಂದೇ ಗೂಡಾದರೆ ಬಾತುಗಳ ಮೇಲೆ ಹಿಕ್ಕೆ ಬೀಳುತ್ತದೆ, ಕೋಳಿಗಳಿಗೆ ತೇವ ತಾಗುತ್ತದೆ. ಸಾಧ್ಯವಿದ್ದರೆ ಮಲಗುವ ಜಾಗ ಬೇರೆಯೇ ಇರಲಿ.

ಗಂಡು ಬಾತು ಮತ್ತು ಕೋಳಿ: ಇಲ್ಲಿ ಕಾಯುವುದು ಬೇಡ

ಈ ಭಾಗವನ್ನು ಸ್ವಲ್ಪ ಒತ್ತಿ ಹೇಳಬೇಕಿದೆ, ಯಾಕೆಂದರೆ ಇಲ್ಲಿ ‘ತಾನಾಗಿ ಸರಿಹೋಗುತ್ತದೆ’ ಎಂದು ಬಿಟ್ಟರೆ ಕೋಳಿ ಸಾಯಬಹುದು.

ಹುಂಜಕ್ಕೆ ಹೊರಗೆ ಚಾಚುವ ಜನನಾಂಗವಿಲ್ಲ. ಹುಂಜ, ಹ್ಯಾಟೆ ಕೂಡುವುದೆಂದರೆ ಎರಡರ ದ್ವಾರಗಳು ಒಂದು ಕ್ಷಣ ತಾಗುವುದು, ಅಷ್ಟೇ. ಗಂಡು ಬಾತಿಗೆ ಹಾಗಲ್ಲ. ಪಕ್ಷಿಗಳಲ್ಲಿ ಅಪರೂಪವೆನ್ನುವಂತೆ ಅದಕ್ಕೆ ತಿರುಚಿದ ಸುರುಳಿಯಾಕಾರದ ಉದ್ದನೆಯ ಅಂಗವಿದೆ. ಹೆಣ್ಣು ಬಾತಿನ ಒಳದಾರಿಯೂ ಅದಕ್ಕೆ ಎದುರಿನ ದಿಕ್ಕಿನ ತಿರುವುಗಳಿಂದ ರೂಪುಗೊಂಡಿದೆ. ಹ್ಯಾಟೆಯ ದೇಹ ಅದಕ್ಕಾಗಿ ಆದದ್ದೇ ಅಲ್ಲ. ಗಂಡು ಬಾತು ಹ್ಯಾಟೆಯನ್ನು ಹತ್ತಿದರೆ ಒಳಗೆ ಹರಿದು, ಸೋಂಕಾಗಿ, ಹ್ಯಾಟೆಯ ಒಳಭಾಗ ದ್ವಾರದಿಂದ ಹೊರಬಂದು ಅದು ಪ್ರಾಣ ಬಿಡಬಹುದು. ಸಾಲದ್ದಕ್ಕೆ ಬಾತು ಕುತ್ತಿಗೆಯ ಪುಕ್ಕವನ್ನು ಬಲವಾಗಿ ಕಚ್ಚಿ ಹಿಡಿಯುತ್ತದೆ, ನೀರಿನಲ್ಲಿ ಕೂಡುವುದು ಅದರ ಅಭ್ಯಾಸ. ಹತ್ತಿರ ಕೊಳವೋ ದೊಡ್ಡ ತೊಟ್ಟಿಯೋ ಇದ್ದು ಕೋಳಿ ಅದರೊಳಗೆ ಸಿಕ್ಕಿಕೊಂಡರೆ ಮುಳುಗಿಯೇ ಹೋಗುತ್ತದೆ.

ಕೋಳಿಮರಿಗಳ ಜೊತೆಯಲ್ಲೇ ಬೆಳೆದ ಗಂಡು ಬಾತುಗಳಲ್ಲಿ ಈ ಅಪಾಯ ಹೆಚ್ಚು. ಮೊಟ್ಟೆಯೊಡೆದು ಬಂದ ಮೊದಲ ದಿನಗಳಲ್ಲಿ ಕಣ್ಣೆದುರು ಇದ್ದವರೇ ತನ್ನವರು ಎಂಬ ಅಚ್ಚು ಮರಿಯ ಮನಸ್ಸಿನಲ್ಲಿ ಬೀಳುತ್ತದೆ. ಇದನ್ನು ಬಾತು, ಹೆಬ್ಬಾತುಗಳಲ್ಲಿ ವಿವರವಾಗಿ ಅಧ್ಯಯನ ಮಾಡಿದ ಕೊನ್ರಾಡ್ ಲೊರೆಂಜ್ 1973ರಲ್ಲಿ ನೊಬೆಲ್ ಪಡೆದವರಲ್ಲಿ ಒಬ್ಬರು. ಆ ಅಚ್ಚು ಮುಂದೆ ಸಂಗಾತಿಯ ಆಯ್ಕೆಯಲ್ಲೂ ಕೆಲಸ ಮಾಡುತ್ತದೆ. ಕೋಳಿಗಳ ನಡುವೆ ಬೆಳೆದ ಗಂಡು ಬಾತಿಗೆ ಕೋಳಿಯೇ ತನ್ನ ಜಾತಿ. ಅದರದ್ದು ದುಷ್ಟತನವಲ್ಲ, ಆದರೆ ಹಾಗೆಂದು ಹ್ಯಾಟೆಗಿರುವ ಅಪಾಯವೇನೂ ತಗ್ಗುವುದಿಲ್ಲ.

ಹಗಲು ಉದ್ದವಾಗುವ ತಿಂಗಳುಗಳಲ್ಲಿ ಕಾಟ ಏರುತ್ತದೆ. ಗಂಡು ಬಾತು ಹ್ಯಾಟೆಯ ಹಿಂದೆ ತಲೆ ಆಡಿಸುತ್ತ ಸುತ್ತುವುದು, ಕುತ್ತಿಗೆ ಹಿಡಿಯಲು ನೋಡುವುದು ಒಮ್ಮೆ ಕಂಡರೂ ಅಂದೇ ಬೇಲಿ ಹಾಕಿ ಬೇರೆ ಮಾಡಿ. ಒಂದು ಗಂಡಿಗೆ ಕನಿಷ್ಠ ನಾಲ್ಕೈದು ಹೆಣ್ಣು ಬಾತುಗಳಿದ್ದರೆ ಒತ್ತಡ ಹಂಚಿಹೋಗುತ್ತದೆ. ಗಂಡುಗಳು ಹೆಚ್ಚಾದರೆ ಅವು ಸೇರಿ ಒಂದೇ ಹೆಣ್ಣನ್ನು ಬೆನ್ನಟ್ಟಿ ಅದರ ಕುತ್ತಿಗೆ ಬೋಳಾಗಿ, ಕಣ್ಣಿಗೆ ಗಾಯವಾಗಿ, ಕುಂಟುವ ತನಕ ಬಿಡುವುದಿಲ್ಲ. ಹುಂಜಕ್ಕೆ ಎಂಟರಿಂದ ಹತ್ತು ಹ್ಯಾಟೆಗಳ ಲೆಕ್ಕ. ಹೆಚ್ಚಾದ ಗಂಡು ಬಾತುಗಳನ್ನೆಲ್ಲ ಹೆಣ್ಣುಗಳು ಕಣ್ಣಿಗೆ ಬೀಳದ ಕಡೆ ಒಟ್ಟಿಗೆ ಇಟ್ಟರೆ ಆಶ್ಚರ್ಯವೆನ್ನುವಷ್ಟು ಶಾಂತವಾಗಿ ಇರುತ್ತವೆ. ಎಳೆಯದರಲ್ಲೇ ಗಂಡು ಹೆಣ್ಣು ತಿಳಿಯಬೇಕಾದರೆ ದನಿಗೆ ಕಿವಿಗೊಡಿ. ಎರಡು ತಿಂಗಳ ಹೊತ್ತಿಗೆ ಹೆಣ್ಣಿನದು ಗಟ್ಟಿಯಾದ ಕ್ವಾಕ್ ಕೂಗು, ಗಂಡಿನದು ಒಡೆದ, ಪಿಸುಗುಟ್ಟುವಂಥ ದನಿ. ಬಾಲದ ಮೇಲೆ ಸುರುಳಿ ಪುಕ್ಕ ಬರುವುದು ಅದಕ್ಕಿಂತ ತಡವಾಗಿ. ಮಸ್ಕೊವಿ ಬಾತುಗಳು ಬೇರೆಯೇ ಜಾತಿ. ಅವುಗಳ ಗಂಡಿಗೆ ಆ ಸುರುಳಿ ಇರುವುದಿಲ್ಲ, ಮೈ ಹೆಣ್ಣಿಗಿಂತ ತುಂಬ ದೊಡ್ಡದು, ಉಗುರುಗಳು ಚೂಪು.

ಹುಂಜ ಹೆಣ್ಣು ಬಾತನ್ನು ಹತ್ತಲು ಹೋಗುವುದೂ ಇದೆ. ಹುಂಜಕ್ಕೂ ಗಂಡು ಬಾತಿಗೂ ನೇರ ಕಾಳಗ ಬಿದ್ದರೆ ಹುಂಜದ ಕಾಲಿನ ಮುಳ್ಳು ಬಾತಿನ ಕಣ್ಣಿಗೇ ಬರುತ್ತದೆ. ಇವೆರಡನ್ನೂ ಒಂದೇ ಆವರಣದಲ್ಲಿ ಇಡದಿರುವುದು ಒಳ್ಳೆಯದು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಜಾಗ, ತಟ್ಟೆ, ಮರೆ

ಕೋಳಿಯೊಂದಕ್ಕೆ ಗೂಡಿನೊಳಗೆ 4 ಚದರ ಅಡಿ, ಹೊರಗಿನ ಆವರಣದಲ್ಲಿ 10 ಚದರ ಅಡಿ ಎಂಬುದು ಸಾಮಾನ್ಯವಾಗಿ ಹೇಳುವ ಕನಿಷ್ಠ ಲೆಕ್ಕ. ಬಾತಿಗೆ ಅದಕ್ಕಿಂತ ಹೆಚ್ಚೇ ಬೇಕು. ಕೂರುವ ಗಳುವಿನಲ್ಲಿ ಒಂದೊಂದು ಕೋಳಿಗೆ 20ರಿಂದ 25 ಸೆಂಟಿಮೀಟರ್, ನಾಲ್ಕೈದು ಹ್ಯಾಟೆಗಳಿಗೆ ಒಂದು ಮೊಟ್ಟೆ ಪೆಟ್ಟಿಗೆ. ಆದರೆ ಈ ಅಂಕಿಗಳಿಗಿಂತ ಮುಖ್ಯವಾದದ್ದು ಜಾಗದ ಆಕಾರ. ಸೋತ ಕೋಳಿ ತಪ್ಪಿಸಿಕೊಂಡು, ಗೆದ್ದದ್ದರ ಕಣ್ಣಿಗೆ ಬೀಳದ ಹಾಗೆ ನಿಲ್ಲಲು ಸಾಧ್ಯವಾಗಬೇಕು. ಖಾಲಿ ಬಯಲಿನಂಥ ದೊಡ್ಡ ಆವರಣಕ್ಕಿಂತ ನಾಲ್ಕು ಪೊದೆ, ಒಂದು ಒರಗಿಸಿಟ್ಟ ಹಲಗೆ, ಒಂದು ಮರದ ದಿಮ್ಮಿ ಇರುವ ಚಿಕ್ಕ ಆವರಣ ಶಾಂತವಾಗಿರುತ್ತದೆ. ಮುಂದೆ ದಾರಿಯಿಲ್ಲದ ಮೂಲೆಗಳು ಮಾತ್ರ ಇರಬಾರದು. ಹಲಗೆಯ ಹಿಂದೆ ಹೋದರೆ ಆಚೆಯಿಂದ ಹೊರಬರುವಂತಿರಬೇಕು. ಗೂಡಿನ ಬಾಗಿಲಲ್ಲೇ ನಿಂತು ಕಾವಲು ಕಾಯುವ ಹ್ಯಾಟೆಯಿದ್ದರೆ ಎರಡನೇ ಕಿಂಡಿ ತೆರೆಯುವುದೊಂದೇ ದಾರಿ.

ಕಾಳಿನ ತಟ್ಟೆಗಳೂ ಕನಿಷ್ಠ ಎರಡಿರಲಿ, ಅದೂ ಒಂದರಿಂದ ಇನ್ನೊಂದು ಕಾಣದ ಹಾಗೆ. ಎರಡನ್ನೂ ಪಕ್ಕಪಕ್ಕದಲ್ಲಿಟ್ಟರೆ ಒಂದೇ ಹ್ಯಾಟೆ ಎರಡನ್ನೂ ಆಳುತ್ತದೆ.

ಹೊರಗಿಡಬೇಕಾದದ್ದು ಯಾರನ್ನು?

ಮೊದಲಿಗೆ ಹೇಳಿದ ಮಾತಿಗೆ ಬರುತ್ತೇನೆ. ಏಟು ತಿಂದ ಕೋಳಿಯನ್ನು ಎರಡು ವಾರ ಬೇರೆ ಇಟ್ಟರೆ ಅಷ್ಟರಲ್ಲಿ ಹಿಂಡು ಅದರ ಜಾಗವನ್ನು ಮರೆತಿರುತ್ತದೆ. ತಿರುಗಿ ಬಿಟ್ಟಾಗ ಅದು ಹೊಸಬಳು, ಅದೂ ಒಂಟಿ ಹೊಸಬಳು. ಇದನ್ನು ನಾನು ಕಲಿತದ್ದು ಒಂದು ಹ್ಯಾಟೆಗೆ ನೋವು ಕೊಟ್ಟು. ಗಾಯ ಮಾಯಲೆಂದು ಮನೆಯೊಳಗೆ ಇಪ್ಪತ್ತು ದಿನ ಇಟ್ಟುಕೊಂಡಿದ್ದೆ. ಪೂರ್ತಿ ಗುಣವಾಯಿತೆಂಬ ಸಂತೋಷದಲ್ಲಿ ಒಂದು ಬೆಳಿಗ್ಗೆ ನೇರವಾಗಿ ಹಿಂಡಿನ ನಡುವೆ ಬಿಟ್ಟೆ. ಒಳಗೆ ಹೋಗಿ ನೀರು ತರುವಷ್ಟರಲ್ಲಿ ಹಳೆಯ ಗಾಯ ಮತ್ತೆ ಬಿಚ್ಚಿತ್ತು. ಆ ಕಿರುಚಾಟ ಈಗಲೂ ನೆನಪಿದೆ.

ರಕ್ತ ಬರುತ್ತಿದ್ದರೆ, ನಿಲ್ಲಲಾಗದಿದ್ದರೆ ಬೇರೆ ಇಡಲೇಬೇಕು. ಆದರೆ ಅದೇ ಆವರಣದೊಳಗೆ, ತಂತಿ ಬಲೆಯ ಪಂಜರದಲ್ಲಿ, ಉಳಿದವುಗಳಿಗೆ ದಿನವೂ ಕಾಣುವಂತೆ ಇಡಿ. ಗಾಯವನ್ನು ಉಪ್ಪುನೀರಿನ ಸಲೈನ್ ದ್ರಾವಣದಿಂದ ತೊಳೆದು, ಪಶುವೈದ್ಯರು ಹೇಳಿದ ನೀಲಿ ಅಥವಾ ನೇರಳೆ ಬಣ್ಣದ ಔಷಧ ಸಿಂಪಡಿಸಿದರೆ ಕೆಂಪು ಮುಚ್ಚಿಹೋಗುತ್ತದೆ. ತಿರುಗಿ ಕುಕ್ಕುವ ಆಸೆ ಉಳಿದವುಗಳಿಗೆ ಕಡಿಮೆಯಾಗುತ್ತದೆ. ಹುಂಜದ ಉಗುರಿನಿಂದ ಬೆನ್ನು ಬೋಳಾದ ಹ್ಯಾಟೆಗೆ ಬಟ್ಟೆಯ ಹೊದಿಕೆ ಹೊಲಿದು ಕಟ್ಟಬಹುದು. ಒದ್ದೆಯಾಗದಂತೆ, ಒಳಗೆ ಹೇನು ಸೇರದಂತೆ ಆಗಾಗ ಬಿಚ್ಚಿ ನೋಡುತ್ತಿರಬೇಕು.

ರಕ್ತವಿಲ್ಲದ, ಆದರೆ ನಿಲ್ಲದ ಕಾಟವಾದರೆ ಹೊರಗಿಡಬೇಕಾದದ್ದು ಕಾಡುವ ಹಕ್ಕಿಯನ್ನು. ಒಳ್ಳೆಯ ಮೇವು, ನೀರು ಕೊಟ್ಟು, ಹಿಂಡು ಕಾಣದ ಕಡೆ ನಾಲ್ಕರಿಂದ ಏಳು ದಿನ ಇಡಿ. ಇದು ಶಿಕ್ಷೆಯಲ್ಲ, ಕೋಳಿಗೆ ಶಿಕ್ಷೆ ಅರ್ಥವೂ ಆಗುವುದಿಲ್ಲ. ಅದು ಇಲ್ಲದ ದಿನಗಳಲ್ಲಿ ಉಳಿದವು ತಮ್ಮೊಳಗೆ ಸ್ಥಾನ ಮತ್ತೆ ಹೊಂದಿಸಿಕೊಳ್ಳುತ್ತವೆ. ವಾಪಸು ಬಂದಾಗ ಈಗ ಅದೇ ಹೊಸಬಳು, ತನ್ನ ಜಾಗವನ್ನು ಮತ್ತೆ ಸಂಪಾದಿಸಬೇಕು. ಒಂದೇ ಸಲಕ್ಕೆ ಎಲ್ಲವೂ ಬದಲಾಗದಿರಬಹುದು, ಎರಡನೇ ಸಲ ಇನ್ನೂ ಕೆಲವು ದಿನ ಹೆಚ್ಚು ಇಡಬೇಕಾಗಬಹುದು. ಕೋಲಿನಿಂದ ಹೊಡೆಯುವುದು, ತಲೆಕೆಳಗಾಗಿ ಹಿಡಿಯುವುದು ಇವುಗಳಿಂದ ಅದು ನಮಗೆ ಹೆದರುವುದನ್ನು ಕಲಿಯುತ್ತದೆ, ಅಷ್ಟೇ. ಕೊಕ್ಕಿನ ತುದಿ ಕತ್ತರಿಸುವುದನ್ನಂತೂ ಹಿತ್ತಿಲಿನ ಹಿಂಡಿನಲ್ಲಿ ಯಾರೂ ಮಾಡಬಾರದು. ಕೊಕ್ಕಿನೊಳಗೆ ನರಗಳಿವೆ, ನೋವು ಕೋಳಿಗೆ ಉಳಿಯುತ್ತದೆ, ಕಾರಣ ಇದ್ದಲ್ಲೇ ಇರುತ್ತದೆ.

ಹೊಸ ಹಕ್ಕಿಗಳನ್ನು ತರುವಾಗ ಇದೇ ತಿಳಿವಳಿಕೆ ಕೆಲಸಕ್ಕೆ ಬರುತ್ತದೆ. ಕಾಯಿಲೆ ಹರಡದಂತೆ ಮೊದಲ ಒಂದು ತಿಂಗಳು ದೂರದಲ್ಲಿ ಇಡಿ. ಆಮೇಲೆ ಒಂದೆರಡು ವಾರ ನಡುವೆ ತಂತಿ ಬಲೆಯಿಟ್ಟು, ಕಾಣುವಂತೆ ಆದರೆ ತಾಗದಂತೆ ಬಿಡಿ. ಬಲೆಯ ಎರಡೂ ಬದಿಗೆ ಕಾಳಿನ ತಟ್ಟೆಯಿಟ್ಟರೆ ಅಕ್ಕಪಕ್ಕದಲ್ಲಿ ತಿನ್ನುವ ಅಭ್ಯಾಸವಾಗುತ್ತದೆ. ಒಂಟಿಯಾಗಿ ಎಂದೂ ಸೇರಿಸಬೇಡಿ, ಎರಡೋ ಮೂರೋ ಇರಲಿ, ಏಟು ಹಂಚಿಹೋಗುತ್ತದೆ. ಮೈಗಾತ್ರ ಹಳೆಯವುಗಳಿಗೆ ಸರಿಸಮ ಆಗುವ ತನಕ ಎಳೆಯವನ್ನು ಬೆರೆಸಬೇಡಿ. ಸೇರಿಸುವ ದಿನ ಆವರಣದ ದಿಮ್ಮಿ, ಹಲಗೆಗಳ ಜಾಗ ಬದಲಾಯಿಸಿ. ಹಳೆಯವಕ್ಕೂ ಆ ಜಾಗ ಸ್ವಲ್ಪ ಹೊಸದೆನಿಸಿದರೆ ‘ಇದು ನನ್ನದು’ ಎಂಬ ಬಿಗಿ ಸಡಿಲವಾಗುತ್ತದೆ. ರಾತ್ರಿ ಮಲಗಿದಾಗ ಗಳುವಿನ ಮೇಲೆ ಮೆಲ್ಲಗೆ ಕೂರಿಸುವ ಉಪಾಯವೂ ಇದೆ. ಆದರೆ ಬೆಳಗಾಗುವ ಮೊದಲೇ ನೀವು ಅಲ್ಲಿರಬೇಕು. ಕಾವು ಮುಗಿಸಿ ಹಿಂಡಿಗೆ ಮರಳುವ ಹ್ಯಾಟೆಯನ್ನೂ ಅರ್ಧ ಹೊಸಬಳೆಂದೇ ತಿಳಿದು ಗಮನಿಸಿ.

ಬಾತುಮರಿ, ಕೋಳಿಮರಿಗಳನ್ನು ಒಟ್ಟಿಗೆ ಬೆಳೆಸುವ ಆಸೆ ಬೇಡ. ಗಂಡು ಬಾತಿನ ವಿಷಯ ಆಗಲೇ ಹೇಳಿದೆ. ಅದಲ್ಲದೆ ಬಾತುಮರಿ ಎಲ್ಲವನ್ನೂ ಒದ್ದೆ ಮಾಡುತ್ತದೆ, ಕೋಳಿಮರಿ ಚಳಿಗೆ ಸೊರಗುತ್ತದೆ. ಬಾತುಮರಿಗೆ ನಯಾಸಿನ್ ಎಂಬ ಬಿ ಜೀವಸತ್ವ ಕೋಳಿಮರಿಗಿಂತ ಹೆಚ್ಚು ಬೇಕು. ಕೋಳಿಮರಿಯ ಮೇವನ್ನೇ ತಿಂದು ಬೆಳೆದರೆ ಕಾಲು ಬಲ ಕಳೆದುಕೊಂಡು ಸೊಟ್ಟಗಾಗಬಹುದು. ಓಡಲಾಗದ ಬಾತು ಹಿಂಡಿನಲ್ಲಿ ಮೊದಲು ಏಟು ತಿನ್ನುವ ಬಾತು.

ಕೊನೆಗೆ ಇನ್ನೊಂದು ಸಾಧ್ಯತೆ ಉಳಿಯುತ್ತದೆ. ಹಿಂಡು ಒಂದನ್ನೇ ಇದ್ದಕ್ಕಿದ್ದಂತೆ ಗುರಿ ಮಾಡಿದರೆ, ನಮಗಿಂತ ಮೊದಲು ಅವಕ್ಕೆ ಅದರ ಕಾಯಿಲೆ ಗೊತ್ತಾಗಿರಬಹುದು. ಬಲ ಕುಂದಿದ್ದು ಸ್ಥಾನವನ್ನೂ ಕಳೆದುಕೊಳ್ಳುತ್ತದೆ. ಅಂಥ ಹಕ್ಕಿಯನ್ನು ಕತ್ತಲಾದ ಮೇಲೆ, ಎಲ್ಲವೂ ಮಲಗಿದಾಗ, ಮೆಲ್ಲಗೆ ಎತ್ತಿಕೊಳ್ಳಿ. ಕೋಳಿಯಾದರೆ ಕೊರಳ ಬುಡದಲ್ಲಿ ತಿಂದ ಕಾಳು ಸೇರುವ ಚೀಲವನ್ನು ಮುಟ್ಟಿ ನೋಡಿ. ತುಂಬಿದ್ದರೆ ಕಾಟದ ನಡುವೆಯೂ ಅದಕ್ಕೆ ಊಟ ಸಿಕ್ಕಿದೆ. ಖಾಲಿಯಿದ್ದರೆ ನಾಳೆ ಬೆಳಿಗ್ಗೆಯಿಂದಲೇ ಇನ್ನೊಂದು ತಟ್ಟೆ, ಇನ್ನೊಂದು ಮರೆ ಬೇಕು. ಬೆಳಿಗ್ಗೆಯೂ ಆ ಚೀಲ ತುಂಬಿದಂತೆಯೇ ಇದ್ದರೆ, ಎದೆಯ ಮೂಳೆ ಚೂರಿಯಂತೆ ಕೈಗೆ ತಾಗಿದರೆ, ಜುಟ್ಟು ಬಿಳಿಚಿಕೊಂಡಿದ್ದರೆ ಅದು ಜಗಳದ ಮಾತಲ್ಲ. ಅದನ್ನು ಪಶುವೈದ್ಯರಿಗೆ ತೋರಿಸಿ.